ಒಂದು ಸಲಕ್ಕೆ ಒಂದೇ ಸಾಲು

ಅಕ್ಕನ ಮಗಳ ಲಗ್ನಪತ್ರಿಕೆಯನ್ನು ನಾನು ಬ್ಲೇಡಿನಿಂದ ಕತ್ತರಿಸಿದೆ. ಕೋಪಕ್ಕಲ್ಲ. ಮದುವೆ ಚೆನ್ನಾಗಿಯೇ ಆಯಿತು, ಊಟವೂ ಚೆನ್ನಾಗಿತ್ತು. ಕಾರ್ಡು ದಪ್ಪವಾಗಿತ್ತು, ಅಷ್ಟೇ ಕಾರಣ. ಗಣಪತಿಯ ಚಿತ್ರವನ್ನು ಉಳಿಸಿಕೊಂಡು, ಹಿಂದಿನ ಖಾಲಿ ಹಾಳೆಯಲ್ಲಿ ಒಂದು ಸಣ್ಣ ಕಿಟಕಿ ಮಾಡಿದೆ. ಉದ್ದ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಅಗಲ ಪುಸ್ತಕದ ಒಂದು ಸಾಲಿನಷ್ಟು.

ಅದನ್ನು ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ. ಕೆಳಗೆ ಜಾರಿಸಿದರೆ ಮುಂದಿನ ಸಾಲು. ನನ್ನ ಗಂಡ ಈಗ ಓದುವುದು ಹೀಗೆ.

ಕಳೆದ ವರ್ಷ ಆರು ವಾರ ಈ ಅಂಕಣ ಬರಲಿಲ್ಲ. ಪ್ರವಾಸ ಹೋಗಿದ್ದೀರಾ ಎಂದು ಕೆಲವರು ಪತ್ರ ಬರೆದು ಕೇಳಿದಿರಿ. ಉತ್ತರಿಸಲಿಲ್ಲ, ಕ್ಷಮಿಸಿ. ಇವರಿಗೆ ಸ್ಟ್ರೋಕ್ ಆಗಿತ್ತು. ಕೈ ಬಂತು, ಕಾಲು ಬಂತು, ಮಾತು ಬಂತು. ಭದ್ರಾವತಿಯ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕಲಿಸಿದ ಗಣಿತವೂ ತಲೆಯಲ್ಲಿ ಹಾಗೆಯೇ ಇತ್ತು. ಸಾಲುಗಳು ಮಾತ್ರ ಬರಲಿಲ್ಲ. ಅಕ್ಷರ ಗೊತ್ತಾಗುತ್ತದೆ, ಪದ ಗೊತ್ತಾಗುತ್ತದೆ. ಆದರೆ ಒಂದರ ಕೆಳಗೊಂದು ಸಾಲು ಇದ್ದರೆ ಕಣ್ಣು ಮೂರರಿಂದ ಐದಕ್ಕೆ ಹಾರುತ್ತದೆ, ಅಲ್ಲಿಂದ ಎರಡಕ್ಕೆ. “ಇರುವೆ ಗೂಡಿಗೆ ನೀರು ಹುಯ್ದ ಹಾಗೆ ಕಾಣುತ್ತೆ ಕಣೇ” ಅಂದರು ಒಮ್ಮೆ. ಮತ್ತೆ ಆ ಮಾತು ತೆಗೆಯಲಿಲ್ಲ.

ಶಿವಮೊಗ್ಗದ ರವೀಂದ್ರನಗರದಲ್ಲಿ, ನಮ್ಮ ಬೀದಿಯಲ್ಲಿ ಎಲ್ಲರೂ ಕೇಳುತ್ತಾರೆ, “ಸಾರ್ ಈಗ ಪರವಾಗಿಲ್ವಾ?” ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. (ಬೇರೆ ಏನಾದರೂ ಹೇಳಿ ನೋಡಿ, ಕೇಳಿದವರೇ ಗಾಬರಿಯಾಗುತ್ತಾರೆ.)

ಕಾಲೇಜಿನಿಂದ ಪತ್ರ ಬಂತು. ಮತ್ತೆ ಕೆಲಸಕ್ಕೆ ಬರುವುದಾದರೆ ಒಂದು ಡೆಮೊ ಕ್ಲಾಸ್ ತೆಗೆದುಕೊಳ್ಳಬೇಕು, ಪ್ರಿನ್ಸಿಪಾಲರೂ ಆಡಳಿತ ಮಂಡಳಿಯವರೂ ಕೂತು ನೋಡುತ್ತಾರೆ. ಬೋರ್ಡಿನ ಮೇಲೆ ಬರೆದು ಪಾಠ ಮಾಡೋಣವೆಂದರೆ ತಾವೇ ಬರೆದ ಸಾಲು ಇವರ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ. ಕಾರ್ಡು ಹಿಡಿದು ಹೋಗಲು ಒಪ್ಪಲಿಲ್ಲ. “ಯಾರ ಮದುವೆ ಸಾರ್ ಅಂತಾರೆ ಹುಡುಗ್ರು” ಎಂದು ನಕ್ಕರು. ಕೆಲಸ ಬಿಟ್ಟು ಇವರು ಇನ್ನೇನಾಗಬಲ್ಲರು? ನನಗೆ ಯೋಚಿಸಲು ಆಗಲಿಲ್ಲ.

ದಾರಿ ತೋರಿಸಿದ್ದು ಸೆಲ್ವಿ. ಅದೇ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್, ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗಿ. ಒಂದು ಭಾನುವಾರ ಬಂದು ನಮ್ಮ ಕಂಪ್ಯೂಟರಿನಲ್ಲಿ ಲೇಟೆಕ್ ತೆರೆದಳು. ಇವರು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದ ಸಾಫ್ಟ್‌ವೇರ್ ಅದು. ಗಣಿತದವರಿಗೆ ಅದಿಲ್ಲದೆ ನಡೆಯದು.

“ಅಕ್ಕಾ, ಇದ್ರಲ್ಲೇ ಸ್ಲೈಡೂ ಮಾಡಬಹುದು. ಒಂದೊಂದು ಸಾಲಿಗೆ ಒಂದೊಂದು ನಂಬರ್ ಕೊಡಿ. ಆ ನಂಬರ್ ಬಂದಾಗ ಆ ಸಾಲು ಮಾತ್ರ ಕೆಂಪು, ಮಿಕ್ಕಿದ್ದೆಲ್ಲ ಬೂದು. ಕೀ ಒತ್ತಿದ್ರೆ ಮುಂದಿನದು ಕೆಂಪಾಗುತ್ತೆ.”

“ಯಾಕೆ ಹೀಗೆ ಅಂತ ಯಾರಿಗೂ ಗೊತ್ತಾಗಲ್ವಾ?”

“ಏನು ಗೊತ್ತಾಗುತ್ತೆ? ಸ್ಟೈಲು ಅಂದ್ಕೋತಾರೆ.”

ಕಲಿತೆ. ನಾನು ಓದಿದ್ದು ಬಿ.ಎ., ಇಂಗ್ಲಿಷ್ ಸಾಹಿತ್ಯ. ಸಮೀಕರಣದ ಅರ್ಥ ತಿಳಿಯದು, ಬೆರಳುಗಳಿಗೆ ಟೈಪಿಂಗ್ ಮಾತ್ರ ಗೊತ್ತು. ಇವರು ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಒಂದು ಬ್ರ್ಯಾಕೆಟ್ ಮುಚ್ಚಲು ಮರೆತರೆ ಇಡೀ ಫೈಲು ಮುಷ್ಕರ ಹೂಡುತ್ತದೆ. ಇನ್ನೊಂದು ವಿಚಿತ್ರವನ್ನೂ ಕಂಡೆ. ಆರು ಸಾಲಿನ ಒಂದು ಸ್ಲೈಡು ಒಳಗೆ ನಿಜವಾಗಿ ಆರು ಪುಟ. ಅವೇ ಆರು ಸಾಲು, ಕೆಂಪು ಮಾತ್ರ ಬೇರೆ ಬೇರೆ ಕಡೆ. ನೋಡುವವರಿಗೆ ಪುಟ ಒಂದೇ, ಬಣ್ಣ ಮೆಟ್ಟಿಲಿಳಿದಂತೆ ಕಾಣುತ್ತದೆ.

ರಿಹರ್ಸಲ್‌ನಲ್ಲಿ ಒಂದು ತಪ್ಪು ಮಾಡಿದೆ. ಎರಡು ಸಾಲಿಗೆ ಒಂದೇ ನಂಬರ್ ಕೊಟ್ಟಿದ್ದೆ. ಎರಡೂ ಒಟ್ಟಿಗೆ ಕೆಂಪಾದವು. ಸರಾಗವಾಗಿ ಹೇಳುತ್ತಿದ್ದವರು ನಿಂತರು. ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು.

“ಯಾವುದು?” ಅಂದರು. ಕೀ ಮೇಲಿಂದ ಬೆರಳು ತೆಗೆದು, “ಯಾವುದು ಅಂತ ಹೇಳೇ.”

ಆ ದಿನದಿಂದ ಒಂದೊಂದು ನಂಬರನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿದೆ.

ಡೆಮೊ ದಿನ ನಾನೂ ಹೋಗಿ ಕಡೇ ಬೆಂಚಿನಲ್ಲಿ ಸೆಲ್ವಿಯ ಪಕ್ಕ ಕೂತೆ. ಮೂರನೇ ಸಾಲು ಕೆಂಪಾಯಿತು, ಓದಿದರು. ನಾಲ್ಕಕ್ಕೆ ಹೋಗುವ ಮೊದಲು ಕೀ ಬಿಟ್ಟು ಹುಡುಗರ ಕಡೆ ತಿರುಗಿದರು.

“ನಿಮ್ಮಮ್ಮ ಬಿಸಿ ಕಾಫಿ ಇಟ್ಟು ಹೋದ್ರು. ನೀವು ಕುಡೀಲಿಲ್ಲ. ಮೊದಲನೇ ಐದು ನಿಮಿಷದಲ್ಲಿ ಜಾಸ್ತಿ ಆರುತ್ತೋ, ಆಮೇಲಿನ ಐದು ನಿಮಿಷದಲ್ಲೋ?”

“ಮೊದಲು ಜಾಸ್ತಿ ಸಾರ್.”

“ಯಾಕಪ್ಪಾ? ಕಾಫಿಗೆ ಬಸ್ ಹಿಡಿಯೋದಿತ್ತಾ?”

ನಗು. ಒಂದು ಹುಡುಗಿ ಎದ್ದು, ಬಿಸಿ ಹೆಚ್ಚಿದ್ದಾಗ ಆರುವ ವೇಗವೂ ಹೆಚ್ಚು ಎಂದಳು. ಆಗ ಕೀ ಒತ್ತಿದರು. ನಾಲ್ಕನೇ ಸಾಲು ಕೆಂಪಾಯಿತು. ಅವಳು ಹೇಳಿದ ಮಾತೇ ಅಲ್ಲಿ ಗಣಿತವಾಗಿ ನಿಂತಿತ್ತು. ನನಗೂ ಅರ್ಥವಾಯಿತು ಅಂದರೆ ನೋಡಿ. ನಲವತ್ತು ನಿಮಿಷ ಇವರು ಒಂದು ಕಡೆಯೂ ತಡವರಿಸಲಿಲ್ಲ. ಸೆಲ್ವಿ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಆಮೇಲೆ ಪ್ರಿನ್ಸಿಪಾಲರ ರೂಮು. ಆಡಳಿತ ಮಂಡಳಿಯ ಹಿರಿಯರೊಬ್ಬರು ಬಹಳ ಖುಷಿಯಾಗಿದ್ದರು. “ಸ್ಲೈಡು ಭಾರಿ ಚೆನ್ನಾಗಿತ್ತು ಸಾರ್. ಆ ಕೆಂಪು ಬರೋದು ಫಸ್ಟ್ ಕ್ಲಾಸ್. ಯಾರು ಮಾಡಿದ್ದು?”

“ಇವಳೇ” ಅಂದರು ಇವರು, ಹೆಮ್ಮೆಯಿಂದ.

“ಮೇಡಂ ಎಂ.ಎಸ್ಸಿನಾ?”

“ಬಿ.ಎ.” ಎಂದೆ.

ಅವರು ಪ್ರಿನ್ಸಿಪಾಲರ ಕಡೆ ತಿರುಗಿದರು. “ನೋಡಿ, ಮ್ಯಾಥ್ಸ್ ಬರದೇ ಇರೋರು ಮಾಡಬಹುದು ಅಂದ್ಮೇಲೆ, ಯಾರು ಬೇಕಾದ್ರೂ ಓದಿ ಹೇಳಬಹುದಲ್ಲ.”

ಪ್ರಿನ್ಸಿಪಾಲರು ಒಳ್ಳೆಯವರು, ಮೆತ್ತಗೆ ಮಾತಾಡಿದರು. ಈ ಆರೋಗ್ಯದಲ್ಲಿ ದಿನಾ ಶಿವಮೊಗ್ಗದಿಂದ ಬಸ್ಸು ಯಾಕೆ? ಗೆಸ್ಟ್ ಲೆಕ್ಚರರ್ ಒಬ್ಬರು ಸಿಕ್ಕಿದ್ದಾರೆ, ಈ ಸ್ಲೈಡು ಕೊಟ್ಟರೆ ಸುಧಾರಿಸುತ್ತಾರೆ. ಸಾರ್ ಆರಾಮಾಗಿ ಮನೆಯಲ್ಲಿರಲಿ. ಹೀಗೆ ಹೇಳುತ್ತಲೇ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎನ್ನುವ ಅರ್ಜಿ. ಟೈಪ್ ಆಗಿಯೇ ಇತ್ತು. (ಮಡಿಕೆಯ ಗೆರೆಯಲ್ಲಿ ಆಗಲೇ ಧೂಳು ಕೂತಿತ್ತು. ಇಂಥದ್ದೆಲ್ಲ ನನ್ನ ಕಣ್ಣಿಗೇ ಬೀಳಬೇಕೇ?)

“ಓದಿ ನೋಡಿ ಸಾರ್.”

ಹದಿನಾಲ್ಕು ಸಾಲು, ಎಲ್ಲವೂ ಕಪ್ಪು. ಇವರ ಕಣ್ಣು ಅಲೆದಾಡುವುದು ನನಗೆ ಕಂಡಿತು. ನಾನು ಓದಿದ ಕಾನ್ವೆಂಟಿನಲ್ಲಿ ಎರಡನೇ ಕ್ಲಾಸು ದಾಟಿದ ಮೇಲೂ ಸಾಲಿನ ಕೆಳಗೆ ಬೆರಳಿಟ್ಟು ಓದಿದರೆ ಸಿಸ್ಟರ್ ಆ ಬೆರಳಿಗೇ ಸ್ಕೇಲಿನಿಂದ ಹೊಡೆಯುತ್ತಿದ್ದರು. ನಾನು ಮೊದಲ ಸಾಲಿನ ಕೆಳಗೆ ಬೆರಳಿಟ್ಟೆ. ಇವರು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

“ಓದಿದೆ” ಅಂದರು. ಎಲ್ಲಿ ಸಹಿ ಮಾಡಬೇಕೆಂದು ಪ್ರಿನ್ಸಿಪಾಲರು ಪೆನ್ನಿನ ತುದಿಯಿಂದ ತೋರಿಸಿದರು. ಮಾಡಿದರು.

ಬಸ್ಸಿನಲ್ಲಿ ಕೇಳಿದೆ, “ಕಣ್ಣಿನ ವಿಷಯ ಹೇಳಬಹುದಿತ್ತಲ್ಲ ರೀ?”

“ಹೇಳಿದ್ರೆ ಫೇಲಾಗಿ ಕೆಲಸ ಬಿಟ್ಟ ಹಾಗೆ ಮಾರಾಯ್ತಿ. ಈಗ ಪಾಸಾಗಿ ಬಿಟ್ಟೆ ಅಂತಾದ್ರೂ ಇರ್ಲಿ.” ಟಿಕೆಟ್ಟನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಸ್ಲೈಡಿನ ಸಿಡಿ ಕೊಟ್ಟುಬಿಡು. ಮಕ್ಕಳಿಗೆ ಪಾಠ ಆಗ್ಬೇಕಲ್ಲ” ಅಂದರು. ಕೊಟ್ಟೆ.

ನಮ್ಮ ಮನೆಗಳಲ್ಲಿ ನೆಂಟರು ಬಂದಾಗ ಅಜ್ಜಿಯ ಕಿವಿ ಮಿಷನ್ನು ಡಬ್ಬಿ ಸೇರುತ್ತದೆ, ತಾತನ ಕೋಲು ಬಾಗಿಲ ಹಿಂದೆ ಹೋಗುತ್ತದೆ. ಆಸರೆ ಕಂಡರೆ ಜನ ಮನುಷ್ಯನನ್ನು ಲೆಕ್ಕಕ್ಕಿಡುವುದಿಲ್ಲ ಎಂಬ ಭಯ. ನಾವೂ ಹಾಗೇ ಬಚ್ಚಿಟ್ಟೆವು. ಎಷ್ಟು ಚೆನ್ನಾಗಿ ಬಚ್ಚಿಟ್ಟೆವೆಂದರೆ, ಕಾಲೇಜಿನವರು ಆಸರೆಯನ್ನೇ ಮೆಚ್ಚಿ ಇಟ್ಟುಕೊಂಡು ಇವರನ್ನು ಮನೆಗೆ ಕಳಿಸಿದರು.

ಹೋದ ವಾರ ಗೆಸ್ಟ್ ಲೆಕ್ಚರರ್ ಫೋನ್ ಮಾಡಿದ್ದರು. ಚಿಕ್ಕ ವಯಸ್ಸಿನ, ವಿನಯದ ದನಿ.

“ಮೇಡಂ, ಆ ಕೆಂಪು ತೆಗೆಯೋಕಾಗುತ್ತಾ? ಪ್ರತಿ ಸಾಲಿಗೂ ಕೀ ಒತ್ತಬೇಕು, ಕಿರಿಕಿರಿ.”

ಆಗುತ್ತದೆ ಎಂದೆ. ಫೈಲಿನ ಮೊದಲ ಸಾಲಿಗೆ ಒಂದು ಪದ ಸೇರಿಸಿದರೆ ಸಾಕು, ಆರು ಪುಟ ಒಂದೇ ಆಗುತ್ತದೆ, ಕೆಂಪು ಹೋಗುತ್ತದೆ. ಆ ಪದ ಯಾವುದೆಂದು ನಾನೇ ಹೇಳಿದೆ. ಬರೆದುಕೊಂಡರು.

“ಇನ್ನೊಂದು ಮೇಡಂ. ಮೂರನೇ ಸಾಲಿಂದ ನಾಲ್ಕನೇದಕ್ಕೆ ಹೆಂಗೆ ಬಂದ್ರಿ ಅಂತ ಹುಡುಗ್ರು ಕೇಳ್ತಾರೆ. ಸ್ಲೈಡಲ್ಲಿ ಎಲ್ಲೂ ಇಲ್ಲ.”

ನಾಲ್ಕು ಹೆಜ್ಜೆ ಆಚೆ ಇವರು ಬೀನ್ಸಿನ ನಾರು ತೆಗೆಯುತ್ತ ಕೂತಿದ್ದರು. ನೀವೇ ಹೇಳಿ, ಫೋನನ್ನು ಅವರ ಕೈಗೆ ಕೊಡಬೇಕಿತ್ತೇ?