ಮರುಳಸಿದ್ದಮ್ಮನ ಮೈಮೇಲೆ ಬಂದದ್ದು

ಗುಡೇಕೋಟೆಯ ಮರುಳಸಿದ್ದಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಉಣ್ಣೆ ನೂಲುವ ಕೈ, ಯಾರಿಗೂ ಬಗ್ಗದ ಬಾಯಿ. ಬೇಸಿಗೆ ಬಂತೆಂದರೆ ಮಗ ರಾಮಾಂಜಿನಿಯೂ ಸೊಸೆಯೂ ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೋಗಿಬಿಡುತ್ತಾರೆ. ಆಗ ಮನೆಯಲ್ಲಿ ಅವಳದೇ ರಾಜ್ಯ.

ಮಂಗಳವಾರ ಉಚ್ಚಂಗೆಮ್ಮನ ಹೆಸರಿನಲ್ಲಿ ಒಪ್ಪತ್ತು. ಊಟ ಏನಿದ್ದರೂ ದೀಪ ಹಚ್ಚಿದ ಮೇಲೆ. ತಂಬ್ರಹಳ್ಳಿಯಿಂದ ಮದುವೆಯಾಗಿ ಬಂದಾಗ ಹಿಡಿದದ್ದು, ಇನ್ನೂ ಬಿಟ್ಟಿಲ್ಲ. ಈಚೆಗೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ಮಾತ್ರೆ ಕೊಟ್ಟರು. ಉಂಡೇ ನುಂಗಬೇಕು ಎಂದರು. ಅವಳು ನುಂಗುವುದನ್ನು ಮಾತ್ರ ವ್ರತದಂತೆ ಹಿಡಿದಳು. ಮಾತ್ರೆಯನ್ನೂ ತಪ್ಪಿಸಲಿಲ್ಲ, ಉಪವಾಸವನ್ನೂ ತಪ್ಪಿಸಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದಾಗ ಕೈ ನಡುಗಿತು. ಮೈಯೆಲ್ಲ ಬೆವರು. ಎದುರಿನ ಬೇವಿನ ಮರ ಎರಡಾಯಿತು. ಹೀಗಾದರೆ ತಕ್ಷಣ ಬೆಲ್ಲ ತಿನ್ನು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಎದ್ದಳು. ಹೊಸ್ತಿಲು ಮುಟ್ಟುವ ಮೊದಲೇ ಕುಸಿದಳು. ತುರುಬು ಬಿಚ್ಚಿತು, ತಲೆ ತೂಗತೊಡಗಿತು.

ಮಂಗಳವಾರ, ಬಿಚ್ಚಿದ ಕೂದಲು, ತೂಗುವ ತಲೆ. ಎದುರುಮನೆಯ ಚೌಡಣ್ಣನಿಗೆ ಇಷ್ಟು ಸಾಕಾಯಿತು.

"ಏ ಬರ್ರಿ ಎಲ್ಲಾರು! ಮರುಳಸಿದ್ದೆಕ್ಕನ ಮೈಮ್ಯಾಲೆ ಅಮ್ಮ ಬಂದಾಳ!"

ಓಣಿಯೇ ನೆರೆಯಿತು. ಒಬ್ಬರು ಮುಖಕ್ಕೆ ಅರಿಸಿನ ಬಳಿದರು, ಒಬ್ಬರು ಕೈಗೆ ಬೇವಿನ ಸೊಪ್ಪು ಕೊಟ್ಟರು. ಕೈಯ ಜೊತೆ ಸೊಪ್ಪೂ ನಡುಗಿತು. ಅನುಮಾನ ಇದ್ದವರಿಗೂ ನಂಬಿಕೆ ಬಂತು. ನಾನು ಸಾಯ್ತಿದೀನಿ, ಇವರು ಕೈ ಮುಗೀತಿದಾರೆ ಎಂದುಕೊಂಡಳು ಮರುಳಸಿದ್ದಮ್ಮ.

"ಬೆಲ್ಲ..." ಎಂದಳು.

"ತಾಯಿ ಬೆಲ್ಲ ಬೇಡ್ತಾಳ!" ಎಂದು ಓಣಿಯ ಮಂಜಮ್ಮ ಗಲ್ಲ ಬಡಿದುಕೊಂಡಳು.

"ತಡಿಯವಾ, ಮೊದ್ಲು ಅಪ್ಪಣಿ ಕೇಳಾಣ," ಎಂದ ಚೌಡಣ್ಣ. "ಎವ್ವಾ, ನನ್ನ ಹೊಸ ಬೋರಿಗೆ ನೀರು ಬೀಳ್ತೈತೋ ಇಲ್ಲೋ?"

"ಬೆಲ್ಲ..."

"ಬೀಳ್ತೈತಿ ಅಂತಾಳ! ಎಷ್ಟು ಇಂಚು ತಾಯಿ?"

"ಸರಿ ಆಕಡಿ," ಎಂದು ಮಂಜಮ್ಮ ಮುಂದೆ ಬಂದಳು. "ನಮ್ಮ ಗೀತಾಂಜಲಿಗೆ ಹರಪನಹಳ್ಳಿ ಗಂಡು ಮಾಡ್ಲೋ, ಕೊಟ್ಟೂರು ಗಂಡು ಮಾಡ್ಲೋ?"

ಮರುಳಸಿದ್ದಮ್ಮನ ನಾಲಿಗೆ ಈಗ ಹೊರಳಲೇ ಇಲ್ಲ. ತಾಯಿಗೆ ಸಿಟ್ಟು ಬಂತೆಂದು ಎಲ್ಲರೂ ಹೆದರಿದರು. ಬೆಲ್ಲ ಕೊಡುವುದೇ ಸರಿ ಎಂದಾಯಿತು. ಆದರೆ ಮಿಂದವರೇ ಕೊಡಬೇಕು. ಮಿಂದವರು ಯಾರು? ನಲ್ಲಿಯಲ್ಲಿ ನೀರು ಬಾರದೆ ಓಣಿಯೇ ಮಿಂದಿರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯ ಜಂಬಕ್ಕ ಸಗಣಿ ಕುಳ್ಳು ತಟ್ಟುತ್ತಿದ್ದವಳು ಬಂದಳು. ನಲ್ಲಿ ಜಗಳವಾಗಿ ಯುಗಾದಿಯಿಂದ ಅವಳಿಗೂ ಮರುಳಸಿದ್ದಮ್ಮನಿಗೂ ಮಾತಿರಲಿಲ್ಲ. ಮುಖ ನೋಡಿದವಳೇ ಮನೆಗೆ ಓಡಿದಳು. ಕೈ ತೊಳೆದೂ ತೊಳೆಯದೆ ಬೆಲ್ಲ ಕದಡಿದ ನೀರು ತಂದು ತಲೆ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು.

"ಸಗಣಿ ಕೈಲೆ ಅಮ್ಮಗ ಕುಡಸ್ತೀಯಲ್ಲಬೇ!" ಎಂದ ಚೌಡಣ್ಣ.

"ಅಮ್ಮ ಆದ್ರೂ ಹಸ್ದಾಳ, ಎಕ್ಕ ಆದ್ರೂ ಹಸ್ದಾಳ. ನೀ ಹೋಗಿ ಆಟೋ ತಗೊಂಬಾರಲೇ ಚೌಡ!"

ಆಟೋ ಬರುವಷ್ಟರಲ್ಲಿ ಬೇವಿನ ಮರ ಮತ್ತೆ ಒಂದಾಗಿತ್ತು.

ಕೂಡ್ಲಿಗಿಯ ಡಾಕ್ಟರು ಅರಿಸಿನದ ಮುಖ ನೋಡಿ ತುಸು ಬೆಚ್ಚಿದರು. ಆಮೇಲೆ ಸಕ್ಕರೆ ಪರೀಕ್ಷೆ ಮಾಡಿ, "ಇನ್ನಷ್ಟು ತಡ ಆಗಿದ್ರೆ ಜೀವಕ್ಕೆ ಕಷ್ಟ ಇತ್ತು. ಬೆಲ್ಲದ ನೀರು ಕುಡಿಸಿದ್ದು ಯಾರು?" ಎಂದರು. ಹಿಂದೆ ಇನ್ನೊಂದು ಆಟೋದಲ್ಲಿ ಬಂದಿದ್ದ ಓಣಿಯವರೆಲ್ಲ "ನಾವೇ ರಿ" ಎಂದರು. ಜಂಬಕ್ಕ ಫ್ಯಾನು ನೋಡುತ್ತಿದ್ದಳು.

ಊರಿಗೆ ಬಂದ ಮರುಳಸಿದ್ದಮ್ಮ, "ಬಂದಿದ್ದು ಅಮ್ಮ ಅಲ್ರೋ, ಸಕ್ರಿ ಇಳಿದಿತ್ತು," ಎಂದು ಮನೆಮನೆಗೆ ಹೇಳಿದಳು.

"ಮೈಮ್ಯಾಲೆ ಬಂದಿದ್ದು ಬಂದೋರಿಗೆ ಹೆಂಗ ಗೊತ್ತಾಗ್ತೈತಿ ಎಕ್ಕಾ?" ಎಂದ ಚೌಡಣ್ಣ. ಅವನು ಆಗಲೇ ಬೋರ್‌ವೆಲ್ ಲಾರಿಗೆ ಹೇಳಿಬಿಟ್ಟಿದ್ದ.

ಮುಂದಿನ ಮಂಗಳವಾರ ಬೆಳಿಗ್ಗೆ ಜಂಬಕ್ಕ ರೊಟ್ಟಿ, ಬದನೆಕಾಯಿ ಪಲ್ಯ ತಂದು ಮುಂದಿಟ್ಟಳು. ಮರುಳಸಿದ್ದಮ್ಮ ಮುಖ ತಿರುಗಿಸಿದಳು.

"ಇವತ್ತು ಒಪ್ಪತ್ತು."

"ಗೊತ್ತು. ಅಮ್ಮನ್ನ ಕೇಳೀನಿ. ಉಣ್ಣಸು ಅಂದಾಳ."

"ಯಾವಾಗ ಕೇಳ್ದೆ?"

"ಹೋದ ವಾರ. ನಿನ್ನ ಮೈಮ್ಯಾಲೆ ಬಂದಿದ್ಲಲ್ಲ, ಆವಾಗ."

ಜಂಬಕ್ಕ ಕಾಲು ಚಾಚಿ ಕುಂತಳು, ಉಣ್ಣುವವರೆಗೂ ಏಳದ ಹಾಗೆ. ಮರುಳಸಿದ್ದಮ್ಮ ತಟ್ಟೆ ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.