ಉಗುರಷ್ಟು ಹಚ್ಚಿ ಕಾಯುತ್ತಿದ್ದ ಬಾಯಮ್ಮ

ಫ್ಲೋರಿನ್ ಬಾಯಮ್ಮ ಯಾರೇ ಬಂದರೂ ಮುಖಕ್ಕಿಂತ ಮೊದಲು ಹಲ್ಲು ನೋಡುತ್ತಿದ್ದರು. ಹೊನ್ನಾವರದಲ್ಲಿ ನಲವತ್ತು ವರ್ಷ ಕಟ್ಟುಹಲ್ಲು ಮಾಡಿದ ಕೈ ಅವರದು. ಕುಮಟೆಯಲ್ಲಿ ರೆಸಿನ್ ಸಾಮಾನು ಮಾಡುವ ನಾನು, ಹರಿದ ಸಿಲಿಕೋನ್ ಅಚ್ಚೊಂದನ್ನು ಹಿಡಿದು ಅವರ ಮನೆಗೆ ಹೋಗಿದ್ದೆ.

"ಎಂತ ತಂಗಿ, ಅಗ್ಗದ್ದು ಅಂದ್ರೆ ಬಾಚ್ಕಂಡು ಬರುದಾ? ಈ ತವರ ಹಾಕಿ ಗಟ್ಟಿ ಮಾಡು ಸಿಲಿಕೋನ್ ದಿನ ಹೋದಂಗೆ ಕುಗ್ತದೆ. ನಿನ್ನ ಎಪಾಕ್ಸಿ ರೆಸಿನ್ನಿಗೆ ಪ್ಲಾಟಿನಂ ಜಾತಿದೇ ಬೇಕು. ಆದ್ರೆ ಅದಕ್ಕೆ ಮಡಿ ಜಾಸ್ತಿ. ಗಂಧಕ ಸೋಕಿದ್ರೆ ಗಟ್ಟಿನೇ ಆಗುದಿಲ್ಲ."

ನನ್ನ ರಬ್ಬರ್ ಕೈಗವಸಿನಲ್ಲೂ ಗಂಧಕ ಇರುತ್ತದೆಂದು ಕಿತ್ತು ಬಿಸಾಡಿದರು. ಎಷ್ಟೇ ಅವಸರವಿದ್ದರೂ ಅವರದು ಒಂದೇ ಮಾತು: "ಮೊದ್ಲು ಉಗುರಷ್ಟು, ಆಮೇಲೆ ಊರಷ್ಟು." ಅಚ್ಚು ತೆಗೆಯುವ ವಸ್ತುವಿನ ಮೂಲೆಯಲ್ಲಿ ತುಸು ಸಿಲಿಕೋನ್ ಹಚ್ಚಿ, ಅದು ಗಟ್ಟಿಯಾದ ಮೇಲೆಯೇ ಪೂರ್ತಿ ಹುಯ್ಯಬೇಕು. ನನಗೋ ಕಾಯುವುದೆಂದರೆ ಮೈಯೆಲ್ಲ ಉರಿ.

ನಮ್ಮ ದೊಡ್ಡಪ್ಪ ಯಕ್ಷಗಾನದ ವೇಷಧಾರಿ. ಅಜ್ಜ ಮರದಲ್ಲಿ ಕೆತ್ತಿದ ಎದೆಕಟ್ಟು ಹುಳ ಹಿಡಿದು ಟೊಳ್ಳಾಗುತ್ತಿತ್ತು. ಪೂರಾ ಹಾಳಾಗುವ ಮೊದಲು ರೆಸಿನ್ನಿನಲ್ಲಿ ಅಂಥದೇ ಒಂದು ಮಾಡುತ್ತೇನೆಂದು ಕಾಡಿ ಬೇಡಿ ಇಸಿದುಕೊಂಡೆ. "ಒಂದು ಗೆರೆ ಹೋದ್ರೂ ನಮ್ಮನೆ ಮೆಟ್ಲು ಹತ್ಬೇಡ" ಎಂದೇ ಕೊಟ್ಟಿದ್ದರು. ಭಾನುವಾರ ಸಂಜೆ ಬಾಯಮ್ಮನ ಮನೆಗೇ ಬಂದು ಒಯ್ಯುವವರಿದ್ದರು.

ಬೆಳಿಗ್ಗೆ ಬಾಯಮ್ಮ ಅದರ ಹಿಂಬದಿಗೆ ಉಗುರಷ್ಟು ಸಿಲಿಕೋನ್ ಹಚ್ಚಿ, "ನಾ ಬರುವರೆಗೆ ಮುಟ್ಬೇಡ" ಎಂದು ಇಗರ್ಜಿಗೆ ಹೋದರು. ದೊಡ್ಡಪ್ಪನ ಫೋನು ಎರಡು ಸಲ ಬಂತು. ನಾನು ತಡೆಯಲಾರದೆ ಪೂರ್ತಿ ಹುಯ್ದುಬಿಟ್ಟೆ.

ಬಾಯಮ್ಮ ಬಂದು ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಒಂದು ಗಂಟೆ, ಎರಡು ಗಂಟೆ. ಮೇಲೆ ಗಟ್ಟಿಯಾಯಿತು, ನನಗೆ ಹೋದ ಜೀವ ಬಂತು. ನಾಲ್ಕಕ್ಕೆ ಎತ್ತಿದರೆ, ಮರಕ್ಕೆ ತಾಗಿದಲ್ಲೆಲ್ಲ ಬರೀ ಅಂಟು. ಅವರು ಹಚ್ಚಿದ ಉಗುರಷ್ಟೂ ಅಂಟಾಗಿಯೇ ಇತ್ತು.

ಬಾಯಮ್ಮ ಮರವನ್ನು ಮೂಸಿದರು. "ಇದನ್ನ ಎಲ್ಲಿ ಇಟ್ಟಿದ್ರಿ?"

"ಕೊಬ್ಬರಿ ಅಟ್ಟದಲ್ಲಿ" ಎಂದ ಮೇಲೆಯೇ ನನಗೆ ಹೊಳೆದದ್ದು. ಕೊಬ್ಬರಿ ಬೆಳ್ಳಗಿರಲೆಂದು ದೊಡ್ಡಪ್ಪನ ಮನೆಯವರು ಅಲ್ಲಿ ವರ್ಷ ವರ್ಷ ಗಂಧಕದ ಹೊಗೆ ಹಾಕುತ್ತಿದ್ದರು!

ಇಬ್ಬರೂ ಸೇರಿ ಎಷ್ಟು ಮೆತ್ತಗೆ ಒರೆಸಿದರೂ, ಟೊಳ್ಳು ಮರ ಅಂಟಿನ ಜೊತೆಗೇ ಪುಡಿಪುಡಿಯಾಗಿ ಬಂತು. ಅಜ್ಜ ಕೆತ್ತಿದ ಹೂವಿನ ಸಾಲು ಅಳಿಸಿಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡಪ್ಪ.

ನಾನು ಬಾಯಿ ತೆರೆಯುವ ಮೊದಲೇ ಬಾಯಮ್ಮ ಎದ್ದು ನಿಂತರು. "ತಪ್ಪು ನಂದು. ಹುಯ್ಯಿ ಅಂತ ಹೇಳಿದವಳು ನಾನೇ."

ದೊಡ್ಡಪ್ಪ ಎದೆಕಟ್ಟನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದರು. ನಾನು ನಿಜ ಹೇಳಲಿಲ್ಲ. ಹೇಡಿ ನಾನು.

"ಎಂತಕ್ಕೆ ಹಾಗೆ ಹೇಳಿದ್ರಿ?" ಎಂದು ಆಮೇಲೆ ನಾನು ಅಳುತ್ತ ಕೇಳಿದೆ.

"ನಿಂಗೆ ಅವರು ಬೇಕಲ್ಲೇ. ನಂಗೆ ಅವರು ಎಂತ ಆಗ್ಬೇಕು?"

ಕಳೆದ ವರ್ಷ ಬಾಯಮ್ಮ ತೀರಿಕೊಂಡರು. ದೊಡ್ಡಪ್ಪನ ಕಟ್ಟುಹಲ್ಲೂ ಬಾಯಮ್ಮನ ಕೈಯದೇ, ಹಾಗಾಗಿ ಮಣ್ಣಿಗೆ ದೊಡ್ಡಪ್ಪನೂ ಬಂದಿದ್ದರು. "ಬಂಗಾರದಂಥ ಕೈ. ನಮ್ಮದೊಂದರಲ್ಲೇ ತಪ್ತು" ಎಂದರು.

"ಅವರ ಕೈ ತಪ್ಪಲಿಲ್ಲ ದೊಡ್ಡಪ್ಪ. ಬೇಡ ಅಂದ್ರೂ ಹುಯ್ದವಳು ನಾನು."

ಅವರು ನನ್ನ ಮುಖ ನೋಡಲಿಲ್ಲ. ಚಪ್ಪಲಿ ಕಳಚಿ, ಗುಂಡಿಯ ಹತ್ತಿರ ಹೋಗಿ ಕೈಮುಗಿದರು. "ತಪ್ಪಾತು ಬಾಯಮ್ಮ" ಎಂದರು. ಬಾಯಮ್ಮ ಬದುಕಿದ್ದಾಗಲೇ ನಾನು ಹೇಳಬೇಕಾಗಿದ್ದ ಮಾತು ಅದು.