ಉಸಿರು ಸೋತವರನ್ನು ಹೊಳೆ ದಾಟಿಸುವ ವ್ಯಾನಕ್ಕ

ಇನ್ನೂ ಬೆಳಕು ಹರಿದಿಲ್ಲ. ಇಕ್ಕಟ್ಟಾದ ಓಣಿಯೊಳಗೆ ಹಳೇ ವ್ಯಾನನ್ನು ಹಿಮ್ಮುಖವಾಗಿ ನುಗ್ಗಿಸಿ, ಗಾರೆ ಮೇಸ್ತ್ರಿಯ ಹೊಸ್ತಿಲಿಗೇ ತಾಗುವಂತೆ ನಿಲ್ಲಿಸುತ್ತಾರೆ ವ್ಯಾನಕ್ಕ. ಸಾರುವೆ ಮೇಲೆ ಸರಸರ ಹತ್ತುತ್ತಿದ್ದ ಮೇಸ್ತ್ರಿ ಈಗ ಎರಡು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಾನೆ. ವೈರಸ್ ಜ್ವರ ಬಿಟ್ಟು ತಿಂಗಳುಗಳಾದವು, ಏದುಸಿರು ಮಾತ್ರ ಅವನನ್ನು ಬಿಟ್ಟಿಲ್ಲ.

"ನಿಧಾನ ಕಣಣ್ಣ, ವ್ಯಾನ್ ಎಲ್ಲೂ ಓಡಿಹೋಗಲ್ಲ."

"ಇದು ಓಡಿದ್ರೆ ಅದೇ ದೊಡ್ಡದು," ಎಂದು ಅವನು ಉಸಿರು ಸಿಕ್ಕಷ್ಟು ನಗುತ್ತಾನೆ. ವರದಿಗೆಂದು ಜೊತೆ ಬಂದ ನಾನು ಮುಂದೆ, ಹಿಂದಿನ ಸೀಟಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಜ್ಜಿ ಆಮ್ಲಜನಕದ ಸಿಲಿಂಡರನ್ನು ಮೊಮ್ಮಗುವಿನಂತೆ ತಬ್ಬಿ ಕೂತಿದ್ದಾರೆ.

ಹೋಗಬೇಕಾದದ್ದು ಹೊಳೆಯಾಚೆಯ ಪುನಶ್ಚೇತನ ಕೇಂದ್ರಕ್ಕೆ. ಸೊರಗಿದ ಶ್ವಾಸಕೋಶಕ್ಕೆ, ಕಾಲುಗಳಿಗೆ ವ್ಯಾಯಾಮದಿಂದ ಮತ್ತೆ ಕಸುವು ತುಂಬುವ ಜಾಗ ಅದೊಂದೇ. ತಡವಾದರೆ ಸರದಿ ಹೋಯಿತು. ಮೂರು ಸಲ ತಪ್ಪಿದರೆ ಹೆಸರೇ ಹೋಯಿತು. ಮೇಸ್ತ್ರಿಗೆ ಈಗಾಗಲೇ ಎರಡು ಸಲ ತಪ್ಪಿದೆ.

ಈ ದಡದ ಕೇರಿಯವರ ಮುತ್ತಜ್ಜಂದಿರು ವಲಸೆ ಬಂದವರು. ಮೈಬಣ್ಣ ಬೇರೆ, ಮನೆಮಾತು ಬೇರೆ. ಊರಿನ ಬಾಯಲ್ಲಿ ಇವರು ಇವತ್ತಿಗೂ 'ಹೊರಗಿನವರು'. ಜ್ವರ ಎರಡೂ ದಡಕ್ಕೆ ಒಂದೇ ಸಮ ಬಂತು, ವ್ಯಾಯಾಮಕ್ಕೆ ಕಳಿಸುವ ಡಾಕ್ಟರ ಚೀಟಿ ಹಾಗೆ ಬರಲಿಲ್ಲ.

"ನನ್ನ ತಂಗಿಗೆ ಡಾಕ್ಟ್ರು 'ಮನೇಲಿ ರೆಸ್ಟ್ ತಗೊಳ್ಳಿ' ಅಂದ್ರು. ರೆಸ್ಟ್ ತಗೊಂಡೂ ತಗೊಂಡೂ ಹಾಸಿಗೆ ಹಿಡಿದಳು. ತಾನು ಹೆತ್ತ ಕೂಸನ್ನ ಎತ್ಕೊಳ್ಳಕ್ಕೂ ಆಗ್ತಿಲ್ಲ. ಇಂಥದೊಂದು ಜಾಗ ಇದೆ ಅಂತ ನಮಗೆ ಯಾರೂ ಹೇಳ್ಲೇ ಇಲ್ಲ," ಎನ್ನುತ್ತಾರೆ ವ್ಯಾನಕ್ಕ. ಅಂದಿನಿಂದ ತರಕಾರಿ ಸಾಗಿಸುವ ವ್ಯಾನಿನಲ್ಲಿ ಬೆಳಗ್ಗೆ ಮೊದಲು ರೋಗಿಗಳು, ಆಮೇಲೆ ತರಕಾರಿ.

ಸೇತುವೆಯ ತಪಾಸಣಾ ಕಟ್ಟೆಯಲ್ಲಿ ಕಾವಲುಗಾರ ಕೈ ಅಡ್ಡ ಹಿಡಿಯುತ್ತಾನೆ. "ಎಲ್ಲಾ ಇಳೀರಿ." ಮುಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿ ದನಿ ಬದಲಿಸುತ್ತಾನೆ: "ನೀವು ಕೂತಿರಿ ಸಾರ್." ನನ್ನದು ಆ ದಡದ ಮೈಬಣ್ಣ. ನಾನೂ ಇಳಿಯುತ್ತೇನೆ. ಪಕ್ಕದಲ್ಲಿ ಕಾರುಗಳು ನಿಲ್ಲದೆ ಸಾಗುತ್ತಿವೆ.

"ಇದರಲ್ಲೇನಿದೆ?" ಅವನು ಸಿಲಿಂಡರ್ ತಟ್ಟುತ್ತಾನೆ.

"ಉಸಿರಿದೆ ಸ್ವಾಮಿ. ಬಿಚ್ಚಿ ನೋಡಿದ್ರೆ ಅಜ್ಜಿಗೆ ಉಳಿಯಲ್ಲ," ಎನ್ನುತ್ತಾರೆ ವ್ಯಾನಕ್ಕ.

ತಪಾಸಣೆ ಮುಗಿದು ಕೇಂದ್ರ ಮುಟ್ಟುವಷ್ಟರಲ್ಲಿ ತಡವಾಗಿದೆ. "ಟೈಮ್ ಮುಗೀತು," ಎನ್ನುತ್ತಾನೆ ಕೌಂಟರಿನವನು, ತಲೆ ಎತ್ತದೆ. ಅಷ್ಟರಲ್ಲಿ ನಮ್ಮ ಹಿಂದೆ ಬಂದ ಆ ದಡದ ಯಜಮಾನರೊಬ್ಬರು "ಟ್ರಾಫಿಕ್ಕಪ್ಪಾ" ಎನ್ನುತ್ತಾರೆ. ಅವರಿಗೆ ಬಾಗಿಲು ತೆರೆಯುತ್ತದೆ.

ವ್ಯಾನಕ್ಕ ಕೂಗಾಡುವುದಿಲ್ಲ. "ಅವರಿಗಿಂತ ಮುಂಚೆ ಬಂದಿದ್ದು ನಾವು. ನಮ್ಮನ್ನೂ ಬಿಡಿ."

"ಸೆಕ್ಯೂರಿಟಿ ಕರೀಬೇಕಾಗುತ್ತೆ ನೋಡಿ."

"ಕರೀರಿ. ನಿಂತಿರ್ತೀನಿ."

ಸೆರಗನ್ನು ಸೊಂಟಕ್ಕೆ ಬಿಗಿದು ಕೌಂಟರಿನ ಮುಂದೆಯೇ ನಿಲ್ಲುತ್ತಾರೆ. ಸಾಲಿನಲ್ಲಿರುವವರು ಮುಖ ತಿರುಗಿಸುತ್ತಾರೆ. ಮೇಸ್ತ್ರಿ ಮೆಲ್ಲಗೆ, "ಬಿಡಕ್ಕ, ಹೋಗೋಣ," ಎನ್ನುತ್ತಾನೆ. ಅವರು ಕದಲುವುದಿಲ್ಲ. ಸೆಕ್ಯೂರಿಟಿಯವನು ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಆಗಲೂ ಇಲ್ಲ.

ಕೊನೆಗೆ ಒಳಗಿನಿಂದ ವ್ಯಾಯಾಮ ಮಾಡಿಸುವ ಹುಡುಗಿಯೇ ಹೊರಬರುತ್ತಾಳೆ. "ಮೇಸ್ತ್ರಿ ಬಂದಿಲ್ಲ ಅಂದ್ರಲ್ಲ! ಇಲ್ಲೇ ಇದಾರೆ!" ಕೌಂಟರಿನವನು ಫೈಲು ತಿರುವಿಹಾಕುತ್ತಾನೆ. "ಇಬ್ಬರೂ ಬನ್ನಿ," ಎಂದು ಅವಳೇ ಅಜ್ಜಿಯ ಸಿಲಿಂಡರ್ ಎತ್ತಿಕೊಳ್ಳುತ್ತಾಳೆ.

ಅವರ ಹಿಂದೆ ಬಾಗಿಲು ಮುಚ್ಚಿದ ಮೇಲೆ ವ್ಯಾನಕ್ಕ ಬೆಂಚಿನ ಮೇಲೆ ಧೊಪ್ಪನೆ ಕೂರುತ್ತಾರೆ. ನಾಳೆಯೂ ಹೀಗೇ ಆದರೆ, ಎಂದು ಕೇಳುತ್ತೇನೆ.

"ಆಗತ್ತೆ," ಎನ್ನುತ್ತಾರೆ, ಬೆವರು ಒರೆಸಿಕೊಳ್ಳುತ್ತಾ. "ಬಾಗಿಲ ತನಕ ಯಾರ್ ಬೇಕಾದ್ರೂ ಬಿಟ್ಟು ಹೋಗಬಹುದು. ಒಳಗೆ ಕರೆಯೋ ತನಕ ನಿಂತಿರೋದೇ ನನ್ನ ಕೆಲಸ."